ಪೇಸ್‌ಮೇಕರ್ ಹಾಕಿಸಿಕೊಂಡ ಅಪ್ಪ ತೋಟಕ್ಕೆ ಹೋಗಬಹುದಾ?

ಪ್ರಶ್ನೆ: ಅಪ್ಪನಿಗೆ ಪೇಸ್‌ಮೇಕರ್ ಹಾಕಿಸಿ ಹದಿನೈದು ದಿನ ಆಯ್ತು. ಆಗಲೇ ಅಡಿಕೆ ತೋಟಕ್ಕೆ ಹೋಗುತ್ತೇನೆ ಅಂತ ಹಟ. ಸುತ್ತ ಐಬೆಕ್ಸ್ ಬೇಲಿ (ಪ್ರಾಣಿ ಬಾರದಂತೆ ಕರೆಂಟ್ ಹರಿಸುವ ತಂತಿ ಬೇಲಿ) ಇದೆ, ವೀಡ್ ಕಟ್ಟರ್ ಇದೆ. ಕಳಿಸಬಹುದಾ?

ಉತ್ತರ: ಗಾಯ ಮಾಯ್ದು ಡಾಕ್ಟರ್ ಹೂಂ ಅಂದ ಮೇಲೆ ಖಂಡಿತ ಕಳಿಸಿ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹೆದರಿ ಅವರನ್ನು ಜಗಲಿ ಮೇಲೆ ಕೂರಿಸಿಬಿಡುವುದು ನನಗಂತೂ ಸರಿ ಕಾಣುವುದಿಲ್ಲ. ಬೇಲಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ.

ಪೇಸ್‌ಮೇಕರ್ ಸುಮ್ನೆ ಕರೆಂಟ್ ಕೊಡುತ್ತಾ ಕೂರುವುದಿಲ್ಲ. ಭುಜದ ಹತ್ತಿರ ಚರ್ಮದಡಿ ಡಬ್ಬಿ ಇರುತ್ತದೆ. ಅದರ ಸಣ್ಣ ತಂತಿ ರಕ್ತನಾಳದೊಳಗಿಂದ ಹೃದಯ ಮುಟ್ಟಿರುತ್ತದೆ. ಆ ತಂತಿಯಿಂದಲೇ ಅದು ಬಡಿತವನ್ನು ಗಮನಿಸುತ್ತದೆ. ಹೃದಯ ತಾನೇ ಬಡಿದರೆ ಸುಮ್ಮನಿರುತ್ತದೆ, ತಡವಾದರೆ ಮಾತ್ರ ಕರೆಂಟ್ ಕೊಟ್ಟು ಬಡಿಸುತ್ತದೆ.

ಐಬೆಕ್ಸ್ ಬೇಲಿಯಲ್ಲಿ ಸುಮಾರು ಸೆಕೆಂಡಿಗೊಮ್ಮೆ ಕರೆಂಟ್ ಹರಿಯುತ್ತದೆ. ಎದೆಬಡಿತವೂ ಹೆಚ್ಚುಕಡಿಮೆ ಅದೇ ಲೆಕ್ಕ ಅಲ್ವಾ? ತಂತಿ ಮುಟ್ಟಿದರೆ, ಆ ಹೊಡೆತವನ್ನೇ ಹೃದಯದ ಬಡಿತ ಅಂದುಕೊಂಡು ಪೇಸ್‌ಮೇಕರ್ ಸುಮ್ಮನಾಗಬಹುದು. ಪೂರ್ತಿ ಅದನ್ನೇ ನಂಬಿದ ಹೃದಯವಾದರೆ ತಲೆ ತಿರುಗಿ ಬೀಳುವ ಭಯ ಇದೆ. ಬೇಲಿ ಪಕ್ಕ ನಡೆದು ಹೋದರೆ ತೊಂದರೆ ಇಲ್ಲ, ಮುಟ್ಟಬಾರದು. ಮಳೆಗಾಲದಲ್ಲಿ ತಂತಿಗೆ ಹಬ್ಬಿದ ಬಳ್ಳಿ ಬಿಡಿಸುವ ಕೆಲಸ ಮನೆಯಲ್ಲಿ ಬೇರೆಯವರದ್ದಾಗಲಿ, ಅದೂ ಸ್ವಿಚ್ ಆಫ್ ಮಾಡಿದ ಮೇಲೆ.

ವೀಡ್ ಕಟ್ಟರ್, ಚೈನ್ ಸಾ ಎರಡರಲ್ಲೂ ಸ್ಪಾರ್ಕ್ ಪ್ಲಗ್ ಇದೆ. ಅದರ ಕಿಡಿಯ ಕರೆಂಟೂ ಪೇಸ್‌ಮೇಕರಿಗೆ ಗೊಂದಲ ಮಾಡಬಹುದು, ಹಾಗಾಗಿ ಇಂಜಿನ್ ಎದೆಯಿಂದ ಒಂದಡಿಯಾದರೂ ದೂರ ಇರಬೇಕು. ಬೆನ್ನಿಗೆ ಹಾಕುವ ಮಷಿನ್ನಿನಲ್ಲಿ ಇದು ಕಷ್ಟ, ಜೊತೆಗೆ ಪಟ್ಟಿಯೂ ಸರಿಯಾಗಿ ಡಬ್ಬಿಯ ಮೇಲೇ ಉಜ್ಜುತ್ತದೆ. ಆಳು ಸಿಗುವುದು ಕಷ್ಟ ಅಂತ ಗೊತ್ತು, ಆದರೂ ಆ ಕೆಲಸ ಬೇರೆಯವರಿಗೆ ಕೊಡಿ. ದೋಟಿ ಹಿಡಿಯುವುದಕ್ಕೂ ಅವಸರ ಬೇಡ. ಮೊದಲ ನಾಲ್ಕರಿಂದ ಆರು ವಾರ ಆ ಬದಿಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಿದರೆ ಒಳಗಿನ ತಂತಿ ಜಾರಬಹುದು.

ಮೊಬೈಲ್ ಬಳಸಲಿ. ಡಬ್ಬಿ ಜಾಸ್ತಿ ಜನರಿಗೆ ಎಡಗಡೆ ಇರುತ್ತದೆ, ಅಂಗಿ ಜೇಬೂ ಅಲ್ಲೇ. ಫೋನ್ ಆರು ಇಂಚು ದೂರ ಇರಬೇಕು, ಹಾಗಾಗಿ ಪ್ಯಾಂಟ್ ಜೇಬು ಒಳ್ಳೆಯದು.

ಮೂರು ದಿನ ಕರೆಂಟ್ ಹೋದರೆ ಏನು ಗತಿ ಅಂತಲೂ ಕೆಲವರು ಕೇಳುತ್ತಾರೆ. ಇದಕ್ಕೆ ಚಾರ್ಜಿಂಗ್ ಬೇಡ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ದೇಹದೊಳಗೆ ಹಾಕಿದ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆ ನಡೆಯಿತು. ಒಂದಾದ ಮೇಲೊಂದು ಬದಲಿಸಿಕೊಂಡು ಅವರು 2001ರವರೆಗೆ ಬದುಕಿದರು. ಈಗಿನ ಬ್ಯಾಟರಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ. ಚೆಕಪ್ ತಪ್ಪಿಸದಿದ್ದರೆ ಬ್ಯಾಟರಿ ಇಳಿಯುತ್ತಿರುವುದು ಮೊದಲೇ ಗೊತ್ತಾಗುತ್ತದೆ. ಆಸ್ಪತ್ರೆಯವರು ಕೊಟ್ಟ ಕಾರ್ಡ್ ಅಪ್ಪನ ಪರ್ಸಿನಲ್ಲೇ ಇರಲಿ. ಯಾರಾದರೂ ಎಂಆರ್‌ಐ ಸ್ಕ್ಯಾನ್ ಮಾಡಿಸಿ ಅಂದರೆ ಮೊದಲು ಆ ಕಾರ್ಡ್ ತೋರಿಸಿ.