ಅಜ್ಜಿಯ ಕಣ್ಣಂದಾಜು, ಅಂಗಡಿಯ ಬಾಟಲಿ

ಹೋದ ಮಳೆಗಾಲದಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಅಮ್ಮನ ಜೊತೆ ನನ್ನ ಹತ್ತಿರ ಬಂದಿದ್ದಳು. ಕೈಯಲ್ಲಿ ಅನಾನಸ್ ಜಾಮ್ ಬಾಟಲಿ. ಅಜ್ಜಿ ಹೇಳಿಕೊಟ್ಟಿದ್ದು, ಮಾರಬೇಕು ಅಂತ ಆಸೆ. ಮುಚ್ಚಳ ತಿರುಗಿಸಿ ನೋಡಿದೆ. ಮುಚ್ಚಳದ ಒಳಗೆ ನೀರಿನ ಹನಿ. ಜಾಮಿನ ಅಂಚಿನಲ್ಲಿ ಎಳ್ಳಿನಷ್ಟು ಬಿಳಿ ಬೂಷ್ಟು.

"ಅಜ್ಜಿ ಮಾಡಿದ್ದು ವರ್ಷ ಆದ್ರೂ ಕೆಡಲ್ಲ ಮೇಡಂ," ಎಂದಳು.

"ಅಜ್ಜಿ ಎಷ್ಟು ಸಕ್ಕರೆ ಹಾಕ್ತಾರೆ?"

"ಕಣ್ಣಂದಾಜು."

"ನೀನು?"

"ಸ್ವಲ್ಪ ಕಮ್ಮಿ. ಈಗ ಜಾಸ್ತಿ ಸಿಹಿ ಯಾರಿಗೂ ಬೇಡ ಅಲ್ವಾ?"

ಅವಳು ಹೇಳಿದ್ದು ಸರಿ. ಬಾಟಲಿ ಕೆಟ್ಟಿದ್ದೂ ಅದರಿಂದಲೇ. ಅವಳಿಗೆ ಸ್ಕಾಟ್ಲೆಂಡಿನ ಫ್ರೇಸರ್ ಡೋಹರ್ಟಿಯ ಕಥೆ ಹೇಳಿದೆ.

ಎಡಿನ್‌ಬರೋದ ಈ ಹುಡುಗ 14ನೇ ವಯಸ್ಸಿನಲ್ಲಿ ಅಜ್ಜಿಯಿಂದ ಜಾಮ್ ಮಾಡುವುದನ್ನು ಕಲಿತ. ಮನೆಮನೆಗೆ ಹೋಗಿ ಮಾರಿದ, ಸಂತೆಗಳಲ್ಲಿ ಇಟ್ಟ. ಎಷ್ಟು ಬೇಡಿಕೆ ಬಂತೆಂದರೆ ಅಪ್ಪ ಅಮ್ಮನಿಗೆ ಮನೆಯ ಒಲೆಯೇ ಸಿಗದಂತಾಯಿತು. ಆಮೇಲೆ ವೇಟ್‌ರೋಸ್ ಎಂಬ ದೊಡ್ಡ ಅಂಗಡಿ ಸರಣಿಯವರ ಮುಂದೆ ಹೋಗಿ ನಿಂತ. ಅವರಿಗೆ ಯೋಚನೆ ಹಿಡಿಸಿತು. ಆದರೆ ಕಾರ್ಖಾನೆ ಬೇಕು, ಲೇಬಲ್ ಬೇಕು, ಬೆಲೆ ಹೊಂದಬೇಕು. ಎಲ್ಲ ಮಾಡಿಕೊಂಡು ಮತ್ತೆ ಹೋದಾಗ ಬೇಡ ಎಂದರು. ಬೆಲೆ ಜಾಸ್ತಿ, ಕಾಮಿಕ್ಸ್ ತರಹದ ಲೇಬಲ್ ಚೆನ್ನಾಗಿಲ್ಲ. ಅವನು ಬೇರೆ ಕಾರ್ಖಾನೆ ಹುಡುಕಿದ, ಲೇಬಲ್ ಸರಳ ಮಾಡಿದ. 2007ರಲ್ಲಿ ಅವನ 'ಸೂಪರ್‌ಜಾಮ್' ಆ ಅಂಗಡಿಗಳಿಗೆ ಬಂತು.

ಈ ಕಥೆಯನ್ನು "ಅಜ್ಜಿಯ ರೆಸಿಪಿಯಿಂದ ಶ್ರೀಮಂತನಾದ" ಅಂತ ಹೇಳುವವರೇ ಜಾಸ್ತಿ. ನನಗೆ ಬೇಜಾರಾಗುವುದು ಇಲ್ಲೇ. ಅವನು ಅಜ್ಜಿಯ ರೆಸಿಪಿಯನ್ನು ಇದ್ದ ಹಾಗೇ ಇಟ್ಟುಕೊಳ್ಳಲಿಲ್ಲ. ಸಕ್ಕರೆ ಸುರಿದ ಜಾಮ್ ಜನರಿಗೆ ಬೇಡವಾಗುತ್ತಿದೆ ಎಂದು ಗೊತ್ತಾಗಿ, ಸಕ್ಕರೆ ಬಿಟ್ಟು ದ್ರಾಕ್ಷಿ ರಸದಿಂದ ಸಿಹಿ ಮಾಡುವ ದಾರಿ ಹುಡುಕಿದ. ಅಂದರೆ ಸುಮ್ನೆ ಸಕ್ಕರೆ ಕಮ್ಮಿ ಮಾಡಲಿಲ್ಲ, ಅದರ ಜಾಗಕ್ಕೆ ಬೇರೊಂದನ್ನು ತಂದ.

ಇದು ಯಾಕೆ ಮುಖ್ಯ ಅಂದರೆ, ಜಾಮಿನಲ್ಲಿ ಸಕ್ಕರೆ ಬರೀ ರುಚಿಗಲ್ಲ. ಹಣ್ಣಿನ ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟು ಬೆಳೆಯಲು ನೀರು ಸಿಗುವುದಿಲ್ಲ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಜಾಮಿನಲ್ಲಿ ಕರಗಿದ ಘನಾಂಶ ಕನಿಷ್ಠ ಶೇ 65 ಇರಬೇಕು. ಅದರಲ್ಲಿ ಬಹುಪಾಲು ಸಕ್ಕರೆಯೇ. ಹುಡುಗಿಯ ಜಾಮನ್ನು ಈ ಘನಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿದೆ, ಶೇ 58. ಜೊತೆಗೆ ಜಾಮ್ ಉಗುರುಬೆಚ್ಚಗಾದ ಮೇಲೆ ತುಂಬಿ ಮುಚ್ಚಳ ಹಾಕಿದ್ದಳು. ಒಳಗಿನ ಹಬೆ ಬೆವರಾಗಿ ಮೇಲಿನ ಪದರಕ್ಕೆ ಬಿದ್ದಿದೆ. ಅಲ್ಲಿ ಸಿಹಿ ಇನ್ನೂ ತೆಳುವಾಗಿದೆ. ಬೂಷ್ಟಿಗೆ ಅಷ್ಟೇ ಸಾಕು. ಶುದ್ಧ ಮಾಡಿದ ಬಾಟಲಿಗೆ 85 ಡಿಗ್ರಿಗಿಂತ ಬಿಸಿ ಇರುವಾಗಲೇ ತುಂಬಿ, ಮುಚ್ಚಳ ಹಾಕಿ, ಸ್ವಲ್ಪ ಹೊತ್ತು ಬೋರಲು ಹಾಕಿಟ್ಟರೆ ಆ ಬಿಸಿಗೆ ಮುಚ್ಚಳವೂ ಶುದ್ಧವಾಗುತ್ತದೆ.

ಇನ್ನೊಂದು ವಿಷಯ. ವಿಡಿಯೋ ನೋಡಿ ಎಲ್ಲರೂ "ಜಾಮ್ 105 ಡಿಗ್ರಿಗೆ ಹದ" ಅನ್ನುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಇಲ್ಲಿ 105 ಬರಲಿ ಅಂತ ಕಾದರೆ ಜಾಮ್ ಹಲ್ವಾ ಆಗುತ್ತದೆ. ನಿಮ್ಮೂರಿನಲ್ಲಿ ನೀರು ಕುದಿಯುವ ಬಿಸಿ ಮೊದಲು ಅಳೆಯಿರಿ, ಅದರ ಮೇಲೆ 5 ಡಿಗ್ರಿಯಷ್ಟು ಏರಿದಾಗ ಹದ ನೋಡಿ.

ಪಾತ್ರೆ ದೊಡ್ಡದಾದರೆ ಮತ್ತೆ ಹೊಸ ಕಷ್ಟ. 2 ಕೆಜಿ ಜಾಮ್ ಬೇಗ ಹದಕ್ಕೆ ಬರುತ್ತದೆ. ಅದೇ ಒಲೆಯ ಮೇಲೆ 20 ಕೆಜಿ ಇಟ್ಟರೆ ನೀರು ಆರಲು ತುಂಬಾ ಹೊತ್ತು ಬೇಕು. ಅಷ್ಟರಲ್ಲಿ ಬಣ್ಣ ಕಪ್ಪಾಗುತ್ತದೆ, ಜಾಮನ್ನು ಗಟ್ಟಿ ಮಾಡುವ ಪೆಕ್ಟಿನ್ ಒಡೆದು ಅದು ಸರಿಯಾಗಿ ಕೂರುವುದೇ ಇಲ್ಲ. ಹತ್ತು ಪಟ್ಟು ಬೇಕಾದರೆ ಹತ್ತು ಸಲ ಮಾಡಿ ಎಂದೇ ಶುರುವಿನಲ್ಲಿ ನಾನು ಹೇಳುವುದು.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಮರೆಯುವ ಹಾಗಿಲ್ಲ. ಮನೆಯಲ್ಲೇ ಮಾಡಿ ಮಾರಿದರೂ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, 14 ಅಂಕಿಯ ಆ ಸಂಖ್ಯೆ ಲೇಬಲ್ ಮೇಲೆ ಇರಬೇಕು. ಸ್ಕಾಟ್ಲೆಂಡಿನಲ್ಲಿ 16 ತುಂಬಿದವರು ಒಪ್ಪಂದ ಮಾಡಿಕೊಳ್ಳಬಹುದು. ನಮ್ಮಲ್ಲಿ 1872ರ ಕರಾರು ಕಾಯ್ದೆಯಂತೆ ವಯಸ್ಕರಾಗಿರಬೇಕು, ಅಂದರೆ 18 ತುಂಬಬೇಕು. ಅಲ್ಲಿಯವರೆಗೆ ವ್ಯವಹಾರ ಅಪ್ಪ ಅಥವಾ ಅಮ್ಮನ ಹೆಸರಲ್ಲಿರಲಿ.

ಆ ಹುಡುಗಿಗೆ ನಾನು ಕೊಟ್ಟ ಕೆಲಸ ಒಂದೇ. ಅಜ್ಜಿ ಜಾಮ್ ಮಾಡುವಾಗ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ನಿಲ್ಲು. ಅವರು ಸಕ್ಕರೆಯನ್ನು ಹಿಡಿ ತುಂಬಿದ ತಕ್ಷಣ ಆ ಹಿಡಿಯನ್ನು ತೂಗು, ಬರೆದುಕೋ.

ಎರಡು ತಿಂಗಳ ಮೇಲೆ ನೋಟ್‌ಬುಕ್ ತಂದಳು. ಆರು ಸಲ ಮಾಡಿದ್ದಳು. ಐದರಲ್ಲಿ ಘನಾಂಶ 66, 67ರ ಆಸುಪಾಸು. ಒಂದರಲ್ಲಿ 61, ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು.

"ಅವತ್ತು ಏನಾಯ್ತು?"

"ಹಣ್ಣು ಜಾಸ್ತಿ ನೀರು ಬಿಡ್ತು ಮೇಡಂ. ನಾನು ಗಡಿಯಾರ ನೋಡಿ ಇಳಿಸಿಬಿಟ್ಟೆ, ಬಿಸಿ ಅಳೀಲಿಲ್ಲ. ಆ ಬಾಟಲಿಗಳನ್ನ ಫ್ರಿಜ್ಜಲ್ಲಿಟ್ಟು ಮನೇಲೇ ತಿಂದ್ವಿ."

ನೋಂದಣಿ ಅರ್ಜಿಯನ್ನು ಅವತ್ತೇ ಅಮ್ಮನ ಹೆಸರಿನಲ್ಲಿ ತುಂಬಿಸಿದೆವು.