ಎಂಟೂ ದೀಪ ಹತ್ತಿತು, ನೆಟ್‌ವರ್ಕ್ ಮಾತ್ರ ಕುಂಟುತ್ತಿದೆ

ಡಿಪ್ಲೊಮಾ, ಬಿಸಿಎ ಲ್ಯಾಬುಗಳಲ್ಲಿ ನೆಟ್‌ವರ್ಕ್ ಕೇಬಲ್ ಕ್ರಿಂಪ್ ಮಾಡುವ, ಅಂದರೆ ಅದರ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ದಿನ ತಪ್ಪದೆ ಕೇಳಿಬರುವ ಮಾತೊಂದಿದೆ: ‘ಸರ್, ಟೆಸ್ಟರ್‌ನಲ್ಲಿ ಎಂಟೂ ದೀಪ ಬಂತು. ಸ್ವಿಚ್ಚೇ ಸರಿಯಿಲ್ಲ.’ ಸ್ವಿಚ್ (ಕಂಪ್ಯೂಟರುಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆ) ಸರಿಯಾಗಿಯೇ ಇರುತ್ತದೆ. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ: ಕಿತ್ತಳೆ ಜೋಡಿ, ಪಕ್ಕದಲ್ಲಿ ಹಸಿರು ಜೋಡಿ, ಆಮೇಲೆ ನೀಲಿ, ಕೊನೆಗೆ ಕಂದು. ಇನ್ನೊಂದು ತುದಿಯಲ್ಲೂ ಅದೇ ಸಾಲು. ‘ಎರಡೂ ಕಡೆ ಒಂದೇ ಥರ ಇದ್ದರೆ ಸಾಕಲ್ವಾ ಸರ್?’

ಸಾಲದು. ಕೇಬಲ್ ಒಳಗಿನ ಎಂಟು ತಂತಿಗಳು ಎರಡೆರಡಾಗಿ ಹೊಸೆದ ನಾಲ್ಕು ಜೋಡಿಗಳು. ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವಷ್ಟೇ ಮುಖ್ಯ, ಅದು ಯಾರ ಜೊತೆ ಹೊಸೆದುಕೊಂಡು ಹೋಗುತ್ತದೆ ಅನ್ನುವುದು. ಆರ್‌ಜೆ-45, ಅಂದರೆ ಈ ಎಂಟು ಪಿನ್ನಿನ ಕನೆಕ್ಟರಿನಲ್ಲಿ ಜೋಡಿಗಳು 1-2, 3-6, 4-5 ಮತ್ತು 7-8. 3ರ ಜೊತೆಗಾರ 4 ಅಲ್ಲ, 6. ಹಾಗಾಗಿ ಟಿ568ಬಿ ಎಂಬ ಪ್ರಮಾಣಿತ ಬಣ್ಣದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಮಧ್ಯೆ ನೀಲಿ ಬಂದು ಕೂತಿರುವುದಕ್ಕೆ ಟೆಲಿಫೋನ್ ಕಾರಣ. ಫೋನಿನ ಲೈನ್ ನಡುವಿನ ಎರಡು ಪಿನ್ನುಗಳಲ್ಲಿ ಬರುತ್ತಿತ್ತು, ಅದಕ್ಕೆ 4-5 ಅನ್ನು ಒಂದೇ ಜೋಡಿಯಾಗಿ ಉಳಿಸಿಕೊಂಡರು.

ಈಗ ಬಣ್ಣಗಳನ್ನು ಸಾಲಾಗಿ ಜೋಡಿಸಿದ ಕೇಬಲ್‌ನಲ್ಲಿ ಏನಾಯಿತು ನೋಡಿ. ಪಿನ್ 3ರಲ್ಲಿ ಹಸಿರು ಜೋಡಿಯ ಒಂದು ತಂತಿ, ಪಿನ್ 6ರಲ್ಲಿ ನೀಲಿ ಜೋಡಿಯ ಒಂದು ತಂತಿ. ಸಿಗ್ನಲ್ ಈ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸವಾಗಿ ಹೋಗುತ್ತದೆ. ಎರಡೂ ಒಟ್ಟಿಗೆ ಹೊಸೆದಿದ್ದರೆ ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಬೀಳುತ್ತದೆ, ವ್ಯತ್ಯಾಸ ತೆಗೆದಾಗ ಕಳೆದುಹೋಗುತ್ತದೆ. ಬೇರೆ ಬೇರೆ ಜೋಡಿಯಲ್ಲಿ ಸಿಕ್ಕಿಕೊಂಡರೆ ಗದ್ದಲ ಅಸಮವಾಗಿ ಬಿದ್ದು ಹಾಗೇ ಉಳಿಯುತ್ತದೆ. ಅದರಲ್ಲೂ ಪಕ್ಕದ ಜೋಡಿಯ ಸಿಗ್ನಲ್ ಒಳಗೆ ನುಗ್ಗುತ್ತದೆ. ಇದಕ್ಕೆ ಸ್ಪ್ಲಿಟ್ ಪೇರ್ ಅನ್ನುತ್ತಾರೆ.

ಟೆಸ್ಟರ್ ಇದನ್ನು ಯಾಕೆ ಹೇಳುವುದಿಲ್ಲ? ಲ್ಯಾಬಿನಲ್ಲಿರುವ ಎಂಟು ದೀಪದ ಅಗ್ಗದ ಟೆಸ್ಟರ್ ಬ್ಯಾಟರಿ-ಬಲ್ಬಿನ ಪ್ರಯೋಗವನ್ನೇ ಎಂಟು ಸಲ ಮಾಡುತ್ತದೆ. ಈ ಕಡೆಯ 3 ಆ ಕಡೆಯ 3ಕ್ಕೆ ಮುಟ್ಟಿದೆಯಾ ಅಂತಷ್ಟೇ ಅದರ ಪ್ರಶ್ನೆ. ಒಂದೇ ತುದಿಯಲ್ಲಿ ಬಣ್ಣ ಅದಲುಬದಲಾದರೆ ದೀಪದ ಸರದಿ ತಪ್ಪುತ್ತದೆ, ಅದನ್ನು ಅದು ಹಿಡಿಯುತ್ತದೆ. ಎರಡೂ ತುದಿಯಲ್ಲಿ ಒಂದೇ ತಪ್ಪು ಮಾಡಿದರೆ ಪಾಪ, ಅದಕ್ಕೆ ಗೊತ್ತೇ ಆಗುವುದಿಲ್ಲ. ಸ್ಪ್ಲಿಟ್ ಪೇರ್ ಹಿಡಿಯುವ ಟೆಸ್ಟರ್‌ಗಳೂ ಇವೆ, ಆದರೆ ಬೆಲೆ ಹೆಚ್ಚು.

ಲಕ್ಷಣಗಳೂ ಮೋಸ ಮಾಡುವಂಥವು. ಲಿಂಕ್ ದೀಪ ಹತ್ತುತ್ತದೆ. ಎರಡು ಮೀಟರಿನ ತುಂಡಾದರೆ ಕೆಲಸವೂ ನಡೆದುಬಿಡಬಹುದು. 10 ಎಂಬಿಪಿಎಸ್‌ನಲ್ಲಿ ಹೇಗೋ ಓಡುತ್ತದೆ, 100ರಲ್ಲಿ ತಡವರಿಸುತ್ತದೆ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕೂ ಜೋಡಿ ಬೇಕು, ಹಾಗಾಗಿ ಅಲ್ಲಿ ಪೆಟ್ಟು ಜೋರು. ಅನೇಕ ನೆಟ್‌ವರ್ಕ್ ಕಾರ್ಡುಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ವಿಂಡೋಸ್‌ನ ಸಾದಾ ಪಿಂಗ್ (ಸಂಪರ್ಕ ಇದೆಯಾ ಎಂದು ನೋಡುವ ಆಜ್ಞೆ) ಕಳಿಸುವುದು 32 ಬೈಟ್, ಅಷ್ಟು ಚಿಕ್ಕದು ಪಾಸಾಗಿಬಿಡುತ್ತದೆ. ಎಲ್ ಆಯ್ಕೆ (-l) ಕೊಟ್ಟು 1400 ಬೈಟ್ ಕಳಿಸಿ ನೋಡಿ, ಪ್ಯಾಕೆಟ್ ಉದುರತೊಡಗಿದರೆ ಮೊದಲು ಕನೆಕ್ಟರಿನ ಬಣ್ಣ ನೋಡಿ. ಲಿನಕ್ಸ್‌ನಲ್ಲಿ ಎಥ್‌ಟೂಲ್ ಎಂಬ ಆಜ್ಞೆ ಬಳಸಿದರೆ ಸ್ಪೀಡೂ, ಹೆಚ್ಚಿನ ಕಾರ್ಡುಗಳಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟುಹೋದ ಡೇಟಾ) ಲೆಕ್ಕವೂ ಸಿಗುತ್ತದೆ. ನಿಧಾನಕ್ಕೆಲ್ಲ ಇದೇ ಕಾರಣ ಅಂತ ಹೇಳುತ್ತಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ತಂತಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಆ ರೋಲನ್ನೇ ಅನುಮಾನಿಸಿ.

ಕ್ರಿಂಪಿಂಗ್ ಮಾಡುವಾಗ ಹೊರಕವಚವನ್ನು ಮೂರು ಸೆಂಟಿಮೀಟರ್ ಸುಲಿಯಿರಿ. ಒಳತಂತಿಗೆ ಬ್ಲೇಡ್ ತಾಗಿದ್ದರೆ ಕತ್ತರಿಸಿ ಮತ್ತೆ ಶುರು ಮಾಡಿ. ನಾಲ್ಕೂ ಜೋಡಿಯನ್ನು ಒಟ್ಟಿಗೆ ಬಿಚ್ಚಬೇಡಿ. ಅಗ್ಗದ ಕೇಬಲ್‌ನಲ್ಲಿ ಬಿಳಿ ತಂತಿಯ ಮೇಲಿನ ಬಣ್ಣದ ಗೆರೆ ಎಷ್ಟು ಮಸುಕಾಗಿರುತ್ತದೆಂದರೆ, ಒಮ್ಮೆ ಬಿಚ್ಚಿದ ಮೇಲೆ ಯಾವ ಬಿಳಿ ಯಾರದ್ದೆಂದು ತಿಳಿಯದು. ಒಂದೊಂದೇ ಬಿಚ್ಚಿ, ಸಾಲಿಗೆ ತಂದು, ಬೆರಳಲ್ಲಿ ಒತ್ತಿ ನೇರ ಮಾಡಿ, 13 ಮಿಲಿಮೀಟರ್ ಉಳಿಸಿ ಒಂದೇ ಏಟಿಗೆ ಕತ್ತರಿಸಿ. ಹೊಸೆತ ಬಿಚ್ಚಿದ ಭಾಗ ಅದಕ್ಕಿಂತ ಉದ್ದ ಉಳಿದರೆ ಬಣ್ಣದ ಕ್ರಮ ಸರಿಯಿದ್ದರೂ ಕ್ರಾಸ್‌ಟಾಕ್ (ಪಕ್ಕದ ಜೋಡಿಯ ಸಿಗ್ನಲ್ ನುಗ್ಗುವುದು) ಏರುತ್ತದೆ. ಕನೆಕ್ಟರಿನ ಕ್ಲಿಪ್ ಕೆಳಗೆ, ಕೇಬಲ್ ನಿಮ್ಮ ಕಡೆಗೆ. ಎಡಗಡೆಯದು ಪಿನ್ 1. ತೂರಿಸಿದ ಮೇಲೆ ಎಂಟು ತಂತಿಯ ತುದಿಯೂ ಮುಂದಿನ ಗೋಡೆಗೆ ತಾಗಿದೆಯಾ, ಹೊರಕವಚ ಹಿಂದಿನ ಒತ್ತುಪಟ್ಟಿಯ ಕೆಳಗೆ ಬಂದಿದೆಯಾ ನೋಡಿ, ಆಮೇಲೆ ಟೂಲ್ ಒತ್ತಿ. ಕವಚ ಹೊರಗುಳಿದರೆ ನಾಳೆ ಯಾರೋ ಎಳೆದಾಗ ತಂತಿ ಕಿತ್ತು ಬರುತ್ತದೆ.

ಒಮ್ಮೆ ಒತ್ತಿದ ಕನೆಕ್ಟರ್ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಸ್ಪ್ಲಿಟ್ ಪೇರ್ ಆಗಿದ್ದರೆ ಎರಡೂ ತುದಿ ಕತ್ತರಿಸಲೇಬೇಕು. ಒಂದನ್ನೇ ಸರಿಮಾಡಿದರೆ ಅಲ್ಲಿಯವರೆಗೆ ಹತ್ತುತ್ತಿದ್ದ ದೀಪಗಳೂ ಸರದಿ ತಪ್ಪುತ್ತವೆ. ಆಗ ವಿದ್ಯಾರ್ಥಿಗಳು ಹಳೆಯ ತಪ್ಪಿಗೇ ಮರಳುವುದುಂಟು.

ಗೋಡೆಯ ಜ್ಯಾಕ್‌ನ ಕಥೆ ಸ್ವಲ್ಪ ಬೇರೆ. ಅಲ್ಲಿ ತಂತಿ ಕೂರುವ ಸೀಳುಗಳು 1ರಿಂದ 8ರ ಸಾಲಿನಲ್ಲೇ ಇರಬೇಕೆಂದಿಲ್ಲ, ಒಳಗಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಬಾಯಿಪಾಠ ಮಾಡಿದ ಕ್ರಮವನ್ನು ಅಲ್ಲಿ ಹಾಕಲು ಹೋಗಬೇಡಿ. ಜ್ಯಾಕ್‌ನ ಪಕ್ಕದಲ್ಲಿ ಎ, ಬಿ (ಟಿ568ಎ, ಟಿ568ಬಿ) ಎಂದು ಎರಡು ಬಣ್ಣದ ಪಟ್ಟಿ ಅಂಟಿಸಿರುತ್ತಾರೆ. ಎರಡೂ ತುದಿಗೆ ಬಿ ಪಟ್ಟಿ ನೋಡಿ, ಪಂಚಿಂಗ್ ಟೂಲ್‌ನಿಂದ ಕೂರಿಸಿ.