ಆಯಾಗೂ ಬೇಕು ಫ್ಲೂ ಲಸಿಕೆ

ನಾನು ತಿಂಗಳಿಗೆರಡು ಸಲ ಹೋಗುವ ವೃದ್ಧಾಶ್ರಮವೊಂದರಲ್ಲಿ ಪ್ರತಿ ಮೇ ತಿಂಗಳು, ಮಳೆ ಹಿಡಿಯುವ ಮೊದಲೇ, ಹಿರಿಯರಿಗೆಲ್ಲ ಫ್ಲೂ ಲಸಿಕೆ ಹಾಕುತ್ತೇವೆ. ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಆ ಹಿರಿಯರನ್ನು ಎತ್ತಿ ಕೂರಿಸಿ, ಮೀಯಿಸಿ, ಬಾಯಿಗೆ ಗಂಜಿ ಇಡುವ ಆಯಾಗಳನ್ನು ಕರೆದರೆ, "ನಮಗ್ಯಾಕೆ ಡಾಕ್ಟ್ರೇ, ನಾವು ಗಟ್ಟಿಮುಟ್ಟಾಗಿದ್ದೀವಲ್ಲ" ಎನ್ನುತ್ತಾರೆ.

ಗಟ್ಟಿಮುಟ್ಟಾಗಿರುವುದರಿಂದಲೇ ಅವರಿಗೆ ಬೇಕು. ಮೂವತ್ತರ ಮೈಗೆ ಈ ಲಸಿಕೆ ಕೊಡುವಷ್ಟು ರಕ್ಷಣೆ ಎಂಬತ್ತರ ಮೈಗೆ ಸಿಗುವುದಿಲ್ಲ. ಹಾಗಾಗಿ ಅಜ್ಜಿಗೆ ಹಾಕಿದರೆ ಸಾಲದು, ಅಜ್ಜಿಯನ್ನು ಮುಟ್ಟುವ ಕೈಗಳೂ ಸೋಂಕು ತರದಂತಿರಬೇಕು. "ಜ್ವರ ಬಂದ್ರೆ ರಜೆ ಹಾಕ್ತೀನಿ" ಎಂಬ ಮಾತೂ ನಿಲ್ಲುವುದಿಲ್ಲ. ಜ್ವರ ಕಾಣಿಸುವ ಹಿಂದಿನ ದಿನವೇ ವೈರಸ್ ಹರಡತೊಡಗಿರುತ್ತದೆ.

ಸ್ಕಾಟ್ಲೆಂಡಿನಲ್ಲಿ ವೃದ್ಧರ ದೀರ್ಘಕಾಲದ ಆರೈಕೆಯ 20 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಸಿಬ್ಬಂದಿಗೆ ಲಸಿಕೆ ಕೊಡಲು ಮುಂದಾದ ಕಡೆ ಆ ಚಳಿಗಾಲ ತೀರಿಕೊಂಡ ರೋಗಿಗಳು ಶೇ 13.6, ಉಳಿದ ಕಡೆ ಶೇ 22.4. ಅಷ್ಟೂ ವ್ಯತ್ಯಾಸ ಲಸಿಕೆಯದ್ದೇ ಎನ್ನಲಾಗದು, ವೈದ್ಯರಲ್ಲಿ ಆ ಚರ್ಚೆ ಇನ್ನೂ ಇದೆ. ಆದರೂ ಹಾಕಿಸುವುದೇ ಸರಿ ಎಂಬುದು ನನ್ನ ನಿಲುವು.

ನಮ್ಮಲ್ಲಿ ಒಬ್ಬಾಕೆ ಮೆಲ್ಲಗೆ ಕೇಳಿದಳು: "ಇದು ಮೊಟ್ಟೆಯಿಂದ ಮಾಡಿದ್ದಂತೆ, ಹೌದಾ?" ಹೌದೆಂದೆ. ಹೆಚ್ಚಿನ ಫ್ಲೂ ಲಸಿಕೆಗಳ ವೈರಸ್ಸನ್ನು ಕೋಳಿಮೊಟ್ಟೆಯಲ್ಲೇ ಬೆಳೆಸುತ್ತಾರೆ, ಕೊನೆಗೆ ಅದರ ಅಂಶ ಲವಲೇಶ ಉಳಿಯಬಹುದು. ಮುಚ್ಚಿಟ್ಟಿದ್ದರೆ ಅವಳು ಮುಂದೆ ನನ್ನ ಯಾವ ಮಾತನ್ನೂ ನಂಬುತ್ತಿರಲಿಲ್ಲ. ಎರಡು ದಿನ ಯೋಚಿಸಿ ತಾನೇ ಬಂದು ಹಾಕಿಸಿಕೊಂಡಳು.

ಲಸಿಕೆಯಿಂದಲೇ ಫ್ಲೂ ಬರುತ್ತದೆಂಬ ಭಯವೂ ಇದೆ. ನಾವು ಕೊಡುವ ಇಂಜೆಕ್ಷನ್ನಿನಲ್ಲಿ ಜೀವಂತ ವೈರಸ್ ಇಲ್ಲ, ಅದು ಫ್ಲೂ ತರಲಾರದು. ಆದರೆ ರೆಟ್ಟೆ ನೋಯುತ್ತದೆ, ಕೆಲವರಿಗೆ ಒಂದೆರಡು ದಿನ ಮೈ ಬಿಸಿಯಾಗುತ್ತದೆ.

ನಿಜವಾದ ಗಂಟು ಇರುವುದು ಅಲ್ಲೇ. ದಿನಗೂಲಿಯ ಹೆಂಗಸಿಗೆ ಮೈ ಬಿಸಿಯಾದರೆ ಆ ದಿನದ ಕೂಲಿ ಹೋಯಿತು. ರೆಟ್ಟೆ ನೋಯುವಾಗ ಮಲಗಿದ ಅಜ್ಜನನ್ನು ಮಗ್ಗುಲು ಬದಲಿಸುವುದು ಹೇಗೆ? ನಾನು ವರ್ಷಗಟ್ಟಲೆ ವೈರಸ್ಸಿನ ಪಾಠ ಹೇಳಿದೆ, ಅವರು ಕೂಲಿಯ ಲೆಕ್ಕ ಹಾಕುತ್ತಿದ್ದರು. ಆಡಳಿತದವರ ಜತೆ ಕೂತು ಮಾತಾಡಿದ ಮೇಲೆ ದಾರಿ ತೆರೆಯಿತು. ಲಸಿಕೆಯ ಖರ್ಚು ಆಶ್ರಮದ್ದು, ಮರುದಿನ ಮೈ ಸರಿಯಿಲ್ಲದಿದ್ದರೆ ಸಂಬಳ ಕಡಿತವಿಲ್ಲದ ರಜೆ. ರಾತ್ರಿ ಪಾಳಿಯವರೂ ಹಗಲಿನವರೂ ಸೇರುವ ಎಂಟು ಗಂಟೆಗೆ ನಾನೇ ಅಲ್ಲಿಗೆ ಹೋಗುತ್ತೇನೆ. ಎಲ್ಲರೂ "ಅಕ್ಕ" ಎನ್ನುವ ಹಿರಿಯ ಆಯಾ ಮೊದಲು ತೋಳು ಚಾಚಿದರು. ಆಮೇಲೆ ಅಡುಗೆಯವರೂ ಸಾಲಿಗೆ ಬಂದರು.

ಹೋದ ವರ್ಷ ಹಾಕಿಸಿದ್ದು ಈ ವರ್ಷಕ್ಕೆ ನಡೆಯುವುದಿಲ್ಲ. ವೈರಸ್ ಬದಲಾಗುತ್ತದೆ, ರಕ್ಷಣೆ ಇಳಿಯುತ್ತದೆ. ಹಾಕಿಸಿದ ಮೇಲೂ ಅದು ಕೂಡಿಕೊಳ್ಳಲು ಸುಮಾರು ಎರಡು ವಾರ ಬೇಕು.

ಈ ಸಲ ಇಬ್ಬರು ಇನ್ನೂ ಒಪ್ಪಿಲ್ಲ. ಒತ್ತಾಯ ಮಾಡಿಲ್ಲ. ಕೆಮ್ಮು ಬಂದರೆ ಮಾಸ್ಕ್ ಹಾಕಿ, ಅಜ್ಜಿಯರ ಹತ್ತಿರ ಹೋಗಬೇಡಿ ಎಂದಿದ್ದೇನೆ. ಜೂನ್ ಮೊದಲ ವಾರ ಮತ್ತೆ ಹೋದಾಗ ಇನ್ನೊಮ್ಮೆ ಕೇಳುತ್ತೇನೆ.